ಮೇಸ್ತ್ರಿ ಎಂದರೆ ಯಾರು

ನಿಘಂಟು ಬರೆಯುವವರ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ಮಗಳ ಮನೆಯಲ್ಲಿ ಇಟ್ಟಿಗೆಯಷ್ಟು ದಪ್ಪದ ಒಂದು ನಿಘಂಟಿದೆ. ಕಣ್ಣು ಇನ್ನೂ ಚೆನ್ನಾಗಿದ್ದಾಗ ಒಂದು ದಿನ ಅದನ್ನು ತೊಡೆಯ ಮೇಲಿಟ್ಟುಕೊಂಡು 'ಮೇಸ್ತ್ರಿ' ಎಂಬ ಪದ ಹುಡುಕಿದೆ. ಕೂಲಿಯಾಳುಗಳ ಮೇಲ್ವಿಚಾರಕ, ಗಾರೆ ಕೆಲಸದವನು ಎಂದು ಎರಡು ಅರ್ಥ ಕೊಟ್ಟು ಮುಂದಿನ ಪದಕ್ಕೆ ಹೋಗಿದ್ದರು. ಎರಡೂ ಗಂಡಸೇ. ಕಾಫಿ ತೋಟದಲ್ಲಿ ಹದಿನೇಳು ವರ್ಷ ಮೇಸ್ತ್ರಿಯಾಗಿದ್ದವಳು ನಾನು. ನನ್ನನ್ನು ಯಾವ ಪುಟದಲ್ಲಿ ಹುಡುಕಬೇಕು? ಇದನ್ನು ಬರೆದವನು ತೋಟದ ಏರು ಹತ್ತಿದವನಲ್ಲ ಎಂದು ಮಗಳಿಗೆ ಹೇಳಿ ಪುಸ್ತಕ ಮುಚ್ಚಿದೆ. ಅವಳು ನಕ್ಕಳು. ಅವಳಿಗೇನು, ಶಾಲೆಯ ಟೀಚರು. ಅವಳ ಪದಕ್ಕೆ ಯಾರೂ ತಕರಾರು ತೆಗೆದಿಲ್ಲ.

ಪದದ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ. ನಮ್ಮ ತೋಟದ ಲೈನಿನಲ್ಲಿ, ಎಂದರೆ ಆಳುಗಳ ಮನೆಸಾಲಿನಲ್ಲಿ, ಒಂದೊಂದು ಬಾಗಿಲಿಗೆ ಒಂದೊಂದು ಮಾತು. ನಮ್ಮದು ಹಾಸನದ ಕಡೆಯ ಕನ್ನಡ, ಪಕ್ಕದ ಮನೆಯದು ತಮಿಳು, ಅದರಾಚೆ ಮಲಯಾಳ, ಆಮೇಲೆ ತುಳು. ಮೇಲೆ ಧಣಿಗಳ ಮನೆಯಲ್ಲಿ ಕೊಡವರ ಮಾತು. ಒಂದು ಪೊರಕೆ ಕೇಳಬೇಕಾದರೆ ನಾಲ್ಕು ಮನೆಯಲ್ಲಿ ನಾಲ್ಕು ಹೆಸರು ಹೇಳಬೇಕು, ಇಲ್ಲದಿದ್ದರೆ ಕೈಯಾಡಿಸಿ ತೋರಿಸಬೇಕು. ಆದರೆ ಮೇಸ್ತ್ರಿ ಎಂದರೆ ಎಲ್ಲರಿಗೂ ಮೇಸ್ತ್ರಿಯೇ. ಗೋಡೆ ಕಟ್ಟುವವನೂ ಮೇಸ್ತ್ರಿ, ರಸ್ತೆಗೆ ಜಲ್ಲಿ ಹಾಕಿಸುವವನೂ ಮೇಸ್ತ್ರಿ, ತೋಟದಲ್ಲಿ ಜನ ನಡೆಸುವವನೂ ಮೇಸ್ತ್ರಿ. ಯಾರಾದರೂ ಕೂತಲ್ಲಿಂದಲೇ ಅಪ್ಪಣೆ ಮಾಡಿದರೆ, 'ನಿನ್ನ ಮೇಸ್ತ್ರಿಕೆ ಸಾಕು' ಎಂದು ಬಾಯಿ ಮುಚ್ಚಿಸುವುದೂ ಇತ್ತು.

ಅದು ನಮ್ಮಲ್ಲಿ ಯಾರ ಪದವೂ ಅಲ್ಲವಂತೆ. ಮಗಳು ಎಲ್ಲೆಲ್ಲೋ ಓದಿ ತಿಳಿದುಕೊಂಡು ಬಂದು ಹೇಳಿದಳು. ಪೋರ್ಚುಗೀಸರು ಹಡಗಿನಲ್ಲಿ ಪಡುವಣ ಕರಾವಳಿಗೆ ಬಂದಾಗ ಚಾವಿ, ಪಾದ್ರಿ, ಅಲಮಾರುಗಳ ಜೊತೆ ಇದೂ ದಡಕ್ಕೆ ಇಳಿಯಿತಂತೆ. ಅವರ ಬಾಯಲ್ಲಿ ಅದು ಮೆಸ್ತ್ರೆ. ಕಸುಬಿನಲ್ಲಿ ಪಳಗಿದವನು, ಇನ್ನೊಬ್ಬರಿಗೆ ಕಲಿಸಬಲ್ಲವನು ಎಂದು ಅರ್ಥ. ಇಂಗ್ಲಿಷಿನ ಮಾಸ್ಟರ್ ಅದರ ದಾಯಾದಿ. ಎರಡಕ್ಕೂ ಮೂಲ ಲ್ಯಾಟಿನ್ನಿನ ಒಂದು ಮಾತು, ಹೆಚ್ಚಿನವನು ಎಂಬ ಅರ್ಥದ್ದು. ಹಾಗಾದರೆ ಶಾಲೆಯ ಮೇಷ್ಟ್ರೂ ತೋಟದ ಮೇಸ್ತ್ರಿಯೂ ಒಂದೇ ಮನೆತನದವರಲ್ಲವೇ ಎಂದು ಕೇಳಿದೆ. ಹೌದು ಎಂದಳು. ನನಗೆ ಅದರಿಂದ ಬಹಳ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಪದ ನನ್ನ ಪಾಲಿಗೆ ಬಂದದ್ದು ಹಡಗಿನಲ್ಲಲ್ಲ. ಅದಕ್ಕಾಗಿ ನಾನು ಒಂದು ಮಳೆಗಾಲ, ಒಂದು ಕೊಯ್ಲು ಹೋರಾಡಬೇಕಾಯಿತು. ಅದನ್ನೇ ಬರೆಯಬೇಕೆಂದು ಕೂತಿದ್ದೇನೆ.

ಕೊಡಗು ಆಗ ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಳೆದಂಡೆಯ ಜಮೀನು ಮಾಡಿಕೊಂಡಿದ್ದ. ನಾಲ್ಕನೇ ಕ್ಲಾಸಿನವರೆಗೆ ನನ್ನನ್ನು ಓದಿಸಿ, ಸುಂಟಿಕೊಪ್ಪದ ಮೇಲಿನ ಒಂದು ಕಾಫಿ ತೋಟದ ಮೇಸ್ತ್ರಿಗೆ ಕೊಟ್ಟು ಮದುವೆ ಮಾಡಿದ. ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೆ ಒಳಗೆ ಬಿಡುತ್ತೇವೆ ಎಂದು ಕಾಡಿದರು. ನಾನು ಹೇಳಲಿಲ್ಲ. ಒಬ್ಬಳ ಕಂಕುಳ ಕೆಳಗೆ ಬಗ್ಗಿ ನುಸುಳಿ ಒಳಗೆ ಹೋದೆ. ಎಲ್ಲರೂ ನಕ್ಕರು, ಆದರೆ ನನಗೆ ಅದು ತಮಾಷೆಯಾಗಿರಲಿಲ್ಲ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯಸ್ಸು ಸವೆಯುತ್ತದೆ ಎಂದು ಅವ್ವ ಹೇಳಿದ್ದಳು, ಅವಳ ಅವ್ವ ಅವಳಿಗೆ ಹೇಳಿದ್ದಳು. ನಾನು ನಂಬಿದ್ದೆ.

ನಮ್ಮ ಮನೆಯವರು ನಡೆಸುತ್ತಿದ್ದದ್ದು ನಲವತ್ತು ಜನರ ಗ್ಯಾಂಗು. ಲೈನಿನ ಕೊನೆಯಲ್ಲಿ ಎರಡು ಕೋಣೆ, ಒಂದು ಜಗಲಿಯ ಮನೆ ಕೊಟ್ಟಿದ್ದರು. ಅದಕ್ಕೆ ಮೇಸ್ತ್ರಿ ಮನೆ ಎಂದೇ ಹೆಸರು. ಅಂಗಳದ ಹಲಸಿನ ಮರಕ್ಕೆ ರೈಲುಕಂಬಿಯ ಒಂದು ತುಂಡು ತೂಗುಹಾಕಿತ್ತು. ಬೆಳಗಾದರೆ ಅವರು ಅದನ್ನು ಬಡಿಯಬೇಕು, ಜನ ಬಂದು ಸಾಲಾಗಿ ನಿಲ್ಲಬೇಕು, ಇವರು ಒಂದೊಂದೇ ಹೆಸರು ಕೂಗಬೇಕು. ಅದೇ ಮಸ್ಟರು. ಕೂಗಿದವರು 'ಹಾಜರ್ ಮೇಸ್ತ್ರಿ' ಎನ್ನಬೇಕು, ಪಕ್ಕದಲ್ಲಿ ನಿಂತ ರೈಟರು ಪುಸ್ತಕದಲ್ಲಿ ಗೀಟು ಹಾಕಬೇಕು. ರೈಟರು ಎಂದರೆ ತೋಟದ ಗುಮಾಸ್ತರು, ಮಂಗಳೂರು ಕಡೆಯ ವಯಸ್ಸಾದವರು. ಪುಸ್ತಕ ಅವರ ಕೈಯಲ್ಲಿದ್ದರೂ ಹೆಸರು ಕೂಗುವ ಗಂಟಲು ಮೇಸ್ತ್ರಿಯದೇ. ಅದು ನಮ್ಮ ತೋಟದ ಕಟ್ಟಳೆ.

ನಿಜ ಹೇಳಬೇಕೆಂದರೆ, ಮದುವೆಯಾದ ಹೊಸದರಲ್ಲಿ ನನಗೆ ಗಂಡ ಸೋಮಾರಿ ಎನಿಸಿತ್ತು. ನಾನೂ ಎಲ್ಲರ ಜೊತೆ ಕೊಯ್ಲಿಗೆ ಹೋಗುತ್ತಿದ್ದೆ. ನಾವೆಲ್ಲ ಸೊಂಟಕ್ಕೆ ಕುಕ್ಕೆ ಕಟ್ಟಿಕೊಂಡು ಬೆವರಿಳಿಸುವಾಗ ಇವರು ಏರಿನ ಮೇಲೆ ಬೆತ್ತ ಹಿಡಿದು ನಿಂತಿರುವರು. ಒಂದು ಹಣ್ಣು ಕಿತ್ತವರಲ್ಲ. ಬೆತ್ತದ ತುದಿ ಕೊಕ್ಕೆಯಂತೆ ಬಾಗಿತ್ತು. ಆಗಾಗ ಇಳಿದು ಬಂದು ಅದರಿಂದ ಒಂದು ರೆಂಬೆ ಎತ್ತಿ ಅಡಿಯಲ್ಲಿ ನೋಡಿ, ಮತ್ತೆ ಹೋಗಿ ನಿಲ್ಲುವರು. ದುಡಿಯುವವರು ನಾವು, ಮರ್ಯಾದೆ ಇವರಿಗೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಒಂದು ವರ್ಷ ಮಳೆ ಹಿಡಿಯುವ ಮುಂಚೆ ನೆರಳಿನ ಮರಗಳ ಕೊಂಬೆ ಕಡಿಸುವಾಗ, ಒಬ್ಬ ಆಳು ಹೆದರಿ ಅರ್ಧದಲ್ಲೇ ಇಳಿದುಬಿಟ್ಟ. ಇವರು ತಾವೇ ಹತ್ತಿದರು. ಪಾಚಿ ಕಟ್ಟಿದ ಹಾಲುವಾಣದ ಮರ. ಮೇಲಿಂದ ಬಿದ್ದು ತೊಡೆಯ ಮೂಳೆ ಮುರಿಯಿತು. ಮಡಿಕೇರಿಯ ಆಸ್ಪತ್ರೆಗೆ ಲಾರಿಯಲ್ಲಿ ಹಾಕಿಕೊಂಡು ಹೋದೆವು. ಜೊತೆಗೆ ಬಂದವಳು ನನ್ನ ಗೆಳತಿ, ಗ್ಯಾಂಗಿನಲ್ಲಿ ಎಲ್ಲರಿಗಿಂತ ಚುರುಕು ಕೈಯವಳು. ಅಲ್ಲಿ ಚೀಟಿ ಬರೆಯುವವನು ಗಂಡನ ಹೆಸರೇನು ಎಂದು ಕೇಳಿದ. ನನ್ನ ಬಾಯಿ ಏಳಲಿಲ್ಲ. ಅವರು ಒಳಗೆ ನರಳುತ್ತಿದ್ದಾರೆ, ನಾನು ಹೊರಗೆ ಕಲ್ಲಿನಂತೆ ನಿಂತಿದ್ದೇನೆ. ಇಂಥ ಹೊತ್ತಿನಲ್ಲಿ ಹೆಸರು ಹೇಳಿ ಇರುವ ಆಯಸ್ಸೂ ಕಳೆಯಲೇ? ಅವನು ರೇಗಿದ. ಕೊನೆಗೆ ಗೆಳತಿ ಮುಂದೆ ಬಂದು ಹೆಸರು ಹೇಳಿ ಬರೆಸಿದಳು.

ಎರಡು ತಿಂಗಳಾದ ಮೇಲೆ ಮನೆಗೆ ಬಂದರು, ಒಂದು ಕಾಲು ಗಿಡ್ಡವಾಗಿ, ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು. ಏರು ಹತ್ತುವ ಮಾತು ಮುಗಿಯಿತು. ರೈಟರು ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಅಡ್ಡಗೆರೆ ಎಳೆದರು. ಆ ಹೆಸರು ಪುಟದ ಮೊದಲನೆಯದು. ಧಣಿಗಳು ಕೆಟ್ಟವರಲ್ಲ. ಸೈನ್ಯದಲ್ಲಿದ್ದು ಬಂದವರು, ಶಿಸ್ತು ಹೆಚ್ಚು. ತಾವೇ ಲೈನಿಗೆ ಇಳಿದು ಬಂದು ಇವರ ಮಂಚದ ಹತ್ತಿರ ನಿಂತು, ಬೇರೆ ಮೇಸ್ತ್ರಿ ಸಿಗುವವರೆಗೆ ಈ ಮನೆಯಲ್ಲಿ ಇರಿ, ಸಿಕ್ಕಿದ ಮೇಲೆ ಮನೆ ಬಿಡಬೇಕಾಗುತ್ತದೆ ಎಂದರು. ತೋಟಕ್ಕೆ ಮೇಸ್ತ್ರಿ ಬೇಕು, ಮೇಸ್ತ್ರಿಗೆ ಮನೆ ಬೇಕು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾವು ಎಲ್ಲಿಗೆ ಹೋಗುವುದು? ಕುಂಟ ಗಂಡನನ್ನು ಕರೆದುಕೊಂಡು ತವರಿನಲ್ಲಿ ಅಣ್ಣತಮ್ಮಂದಿರ ಮುಂದೆ ತಟ್ಟೆ ಹಿಡಿಯುವುದು ನನ್ನ ಜಾಯಮಾನಕ್ಕೆ ಒಗ್ಗುವುದಲ್ಲ. ಇವರು ಅಂದಿನಿಂದ ಗೋಡೆಗೆ ಮುಖ ಮಾಡಿ ಮಲಗಿದರು. ಬಡಿಸಿದ್ದರಲ್ಲಿ ಅರ್ಧ ತಟ್ಟೆಯಲ್ಲೇ ಉಳಿಯುತ್ತಿತ್ತು.

ಇವರು ಬಿದ್ದ ಮೇಲೆ ಕಂಬಿ ಬಡಿಯುವವರೇ ಇಲ್ಲದೆ, ರೈಟರು ಮನೆಮನೆಗೆ ಹೋಗಿ ಜನರನ್ನು ಎಬ್ಬಿಸುತ್ತಿದ್ದರು. ಇವರು ಮನೆಗೆ ಬಂದ ಮಾರನೆಯ ಬೆಳಿಗ್ಗೆ ನಾನು ಅಂಗಳಕ್ಕೆ ಹೋಗಿ ರೈಲುಕಂಬಿ ಬಡಿದೆ. ಯಾರನ್ನೂ ಕೇಳಲಿಲ್ಲ. ಜನ ಬಂದರು, ಒಬ್ಬರ ಮುಖ ಒಬ್ಬರು ನೋಡಿದರು. ನಾನು ಹೆಸರು ಕೂಗಿದೆ. ನಲವತ್ತು ಹೆಸರೂ ನನಗೆ ಬಾಯಿಪಾಠ, ವರ್ಷಗಟ್ಟಲೆ ಅಡಿಗೆಮನೆಯಿಂದ ಕೇಳಿದ್ದೇ. 'ಹಾಜರ್' ಎಂದರು. 'ಮೇಸ್ತ್ರಿ' ಎಂದು ಸೇರಿಸಲಿಲ್ಲ. ಕೆಲವರು 'ಹಾಜರ್ ಅಕ್ಕ' ಎಂದರು. ರೈಟರು ಕನ್ನಡಕದ ಮೇಲಿಂದ ನೋಡಿ ಗೀಟು ಹಾಕಿದರು. ಅವರ ಕಡ್ಡಿಕಾಲುಗಳಿಗೆ ಜಿಗಣೆ ಎಂದರೆ ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ತೋಟದೊಳಗೆ ಹೋಗಿ ಕಳೆ ತೆಗೆಸುವ ಕೆಲಸ ಬೇರೆಯವರು ಮಾಡಿದರೆ ಅವರಿಗೆ ಒಳ್ಳೆಯದೇ ಆಯಿತು.

ಮಳೆ ಮುಗಿದು ಕಾಫಿ ಕೆಂಪಾಗುವ ಹೊತ್ತಿಗೆ ನಾನು ಧಣಿಗಳ ಜಗಲಿಗೆ ಹೋದೆ. ಮಳೆಗಾಲವೆಲ್ಲ ಜನ ನಡೆಸಿದ್ದೇನೆ, ನನ್ನನ್ನೇ ಮೇಸ್ತ್ರಿ ಎಂದು ಬರೆಸಿ ಎಂದು ಕೇಳಿದೆ. ಅವರು ಸಿಟ್ಟು ಮಾಡಲಿಲ್ಲ, ನಕ್ಕರು. ಸಿಟ್ಟು ಮಾಡಿದ್ದರೆ ವಾಸಿಯಿತ್ತು.

"ಹೆಂಗಸು ಮೇಸ್ತ್ರಿ ಎಲ್ಲಾದರೂ ಉಂಟಾ ಮಾರಾಯ್ತಿ?" ಎಂದರು.

ಇಲ್ಲದಿದ್ದರೆ ಇನ್ನು ಮೇಲೆ ಉಂಟು ಎನ್ನಿ ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಕೊಯ್ಲು ಶುರುವಾಗಲಿ, ಕೆಲಸ ನೋಡಿ ಹೇಳಿ ಎಂದೆ. ನೋಡುವ ಎಂದರು.

ಈಗ ನನ್ನ ದೊಡ್ಡ ತಪ್ಪಿನ ಕಥೆ ಹೇಳಬೇಕು. ಮೊದಲ ಸುತ್ತಿನ ಕೊಯ್ಲಿನಲ್ಲಿ ಹಣ್ಣಾದದ್ದನ್ನು ಮಾತ್ರ ಆರಿಸಿ ಬಿಡಿಸಬೇಕು, ಹಸಿರು ಕಾಯಿ ಗಿಡದಲ್ಲೇ ಇರಬೇಕು. ಕಾಯಿ ಸೇರಿದರೆ ಸಿಪ್ಪೆ ಬಿಡಿಸುವ ಯಂತ್ರದಲ್ಲಿ ಸಿಕ್ಕಿ ಒಳಗಿನ ಬೇಳೆಯೆಲ್ಲ ಗಾಯವಾಗುತ್ತದೆ. ರೆಂಬೆ ಎಳೆದು ಮುರಿದರಂತೂ ಮುಂದಿನ ವರ್ಷದ ಫಸಲೂ ಹೋಯಿತು. ಇದೆಲ್ಲ ನನಗೆ ಗೊತ್ತಿತ್ತು. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯೂ ಗೊತ್ತಿತ್ತು. ಅದನ್ನೇ ನಂಬಿ ನಾನೂ ಸೊಂಟಕ್ಕೆ ಕುಕ್ಕೆ ಕಟ್ಟಿದೆ. ಬರಿಗೈಯಲ್ಲಿ ನಿಂತು ಗೆಳತಿಯರ ಮೇಲೆ ದರ್ಬಾರು ಮಾಡುವುದು ನನಗೆ ನಾಚಿಕೆಯೆನಿಸಿತು. ಎಲ್ಲರಿಗಿಂತ ಮುಂದೆ ನಿಂತು ಎಲ್ಲರಿಗಿಂತ ಬೇಗ ಬಿಡಿಸಿದೆ. ಸಂಜೆ ನನ್ನ ಕುಕ್ಕೆ ಎಲ್ಲರದಕ್ಕಿಂತ ತುಂಬಿತ್ತು, ಒಂದು ಕಾಯಿ ಇರಲಿಲ್ಲ. ಇದಕ್ಕಿಂತ ಮೇಸ್ತ್ರಿಕೆ ಏನಿದೆ ಎಂದು ಬೀಗುತ್ತಾ ಇಳಿದು ಬಂದೆ.

ಕಣದಲ್ಲಿ ಹಣ್ಣು ಸುರಿದಿದ್ದರು. ಧಣಿಗಳು ರಾಶಿಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಅಂಗೈ ಬಿಚ್ಚಿದರು. ಅರ್ಧಕ್ಕರ್ಧ ಹಸಿರು. ಇನ್ನೊಂದು ರಾಶಿಯಲ್ಲಿ ತೆಗೆದರು, ಅದೂ ಹಾಗೆಯೇ. ನಾನು ಮುಂದೆ ನೋಡಿಕೊಂಡು ಬಿಡಿಸುತ್ತಿದ್ದರೆ ಹಿಂದಿದ್ದವರು ಗೊಂಚಲು ಗೊಂಚಲೇ ಕಿತ್ತು ಹಾಕಿದ್ದರು. ಧಣಿಗಳು ಬೈಯಲಿಲ್ಲ. ವಿರಾಜಪೇಟೆ ಕಡೆಯ ಒಬ್ಬ ಮೇಸ್ತ್ರಿಗೆ ಹೇಳಿಕಳಿಸಿದ್ದೇನೆ, ಹುತ್ತರಿ ಹಬ್ಬ ಕಳೆದ ಮೇಲೆ ಬಂದು ತೋಟ ನೋಡುತ್ತಾನೆ ಎಂದಷ್ಟೇ ಹೇಳಿ ಮೇಲೆ ಹೋದರು. ನಲವತ್ತು ಜನರ ಎದುರು ನನಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಮನೆಗೆ ಬಂದು ಒಲೆಯ ಮುಂದೆ ಕೂತು ಜನರನ್ನೆಲ್ಲ ಬೈದೆ. ಕುಣಿಯಲಾರದವಳಿಗೆ ನೆಲ ಡೊಂಕು ತಾನೇ. ಮಂಚದ ಮೇಲೆ ಗೋಡೆಗೆ ಮುಖ ಮಾಡಿದ್ದವರು ಎಷ್ಟೋ ದಿನಕ್ಕೆ ಈ ಕಡೆ ತಿರುಗಿದರು.

"ನೀನು ಹಣ್ಣು ನೋಡೋಕೆ ಹೋಗಿದ್ಯೋ, ಜನ ನೋಡೋಕೆ ಹೋಗಿದ್ಯೋ?" ಎಂದು ಕೇಳಿದರು. "ಕೈ ಕೆಲಸಕ್ಕೆ ಬಿತ್ತು ಅಂದ್ರೆ ಕಣ್ಣೂ ಅಲ್ಲೇ ಬೀಳ್ತದೆ. ಮೇಸ್ತ್ರಿಯಾದವನು ಕೈ ಕಟ್ಟಾಕ್ಕಂಡೇ ಇರ್ಬೇಕು. ಅದು ಎಷ್ಟು ಕಷ್ಟ ಅಂತ ನಾಳೆ ನಿಂಗೇ ಗೊತ್ತಾಯ್ತದೆ. ಮೂಲೇಲಿ ಬೆತ್ತ ಐತೆ, ತಗಂಡೋಗು."

ಮಾರನೆಯ ದಿನ ಕುಕ್ಕೆ ಮನೆಯಲ್ಲೇ ಬಿಟ್ಟು ಬೆತ್ತ ಹಿಡಿದು ಏರಿನ ಮೇಲೆ ನಿಂತೆ. ದೇವರಾಣೆ, ಆರು ಕುಕ್ಕೆ ಹಣ್ಣು ಬಿಡಿಸುವುದು ಅದಕ್ಕಿಂತ ಸುಲಭ. ಕೈ ತುರಿಸುತ್ತದೆ. ಕಣ್ಣು ಒಬ್ಬರಿಂದ ಒಬ್ಬರಿಗೆ ಓಡುತ್ತಲೇ ಇರಬೇಕು. ಯಾರ ಕೈ ಬೇಗ ಆಡುತ್ತಿದೆಯೋ ಅವರು ಕಾಯಿಯನ್ನೂ ಸೇರಿಸಿ ಕೀಳುತ್ತಿದ್ದಾರೆ, ಯಾರ ರೆಂಬೆ ತೂಗುತ್ತಿದೆಯೋ ಅವರು ಎಳೆಯುತ್ತಿದ್ದಾರೆ, ಯಾರು ಗಿಡದ ಸುತ್ತ ಬಂದಿಲ್ಲವೋ ಅವರು ಹಿಂಭಾಗದ ಹಣ್ಣು ಬಿಟ್ಟಿದ್ದಾರೆ. ಇಳಿದು ಹೋಗಿ ಕೊಕ್ಕೆಯಿಂದ ರೆಂಬೆ ಎತ್ತಿ ನೋಡಿದರೆ ಅಡಿಯಲ್ಲಿ ಕೆಂಪಗೆ ಉಳಿದಿರುತ್ತಿತ್ತು. ಬಿಟ್ಟವರನ್ನು ಕರೆದು ಅವರ ಕೈಯಲ್ಲೇ ಬಿಡಿಸಿದೆ. ಒಂದು ಹಣ್ಣನ್ನೂ ನಾನು ಮುಟ್ಟಲಿಲ್ಲ. ಮೇಸ್ತ್ರಿಯಮ್ಮನ ಸೊಂಟ ಬಗ್ಗೋದಿಲ್ಲವಾ ಎಂದು ಕೆಳಗಿನಿಂದ ಯಾರೋ ಅಂದರು, ಕಿಸಕ್ಕೆಂದು ನಗು ಹರಡಿತು. ಮೇಸ್ತ್ರಿಯಮ್ಮ ಎಂದರೆ ಮೇಸ್ತ್ರಿಯ ಹೆಂಡತಿ ಎಂದಷ್ಟೇ. ನಗಲಿ ಎಂದು ಬಿಟ್ಟೆ. ಗಂಡನನ್ನು ಸೋಮಾರಿ ಎಂದುಕೊಂಡಿದ್ದಕ್ಕೆ ನಾನು ಕೊಡಬೇಕಾದ ದಂಡ ಅದು.

ಆ ಸಂಜೆ ಒಂದೊಂದೇ ಕುಕ್ಕೆಯನ್ನು ಚಾಪೆಯ ಮೇಲೆ ಸುರಿಸಿ, ಕಾಯಿ ಆರಿಸಿದ ಮೇಲೆಯೇ ಕೂಲಿಗೆ ಅಳೆಯಲು ಬಿಟ್ಟೆ. ಗೆಳತಿಯ ಕುಕ್ಕೆ ಮೇಲೆಲ್ಲ ಚಂದ ಕೆಂಪಗಿತ್ತು. ಸುರಿದರೆ ಅಡಿಯಿಂದ ಬರೀ ಹಸಿರು ಬಂತು. ಜನ ನನ್ನ ಮುಖ ನೋಡಿದರು, ಇವಳಿಗೆ ಏನು ಮಾಡುತ್ತಾಳೋ ನೋಡೋಣ ಎಂದು. ನಾನು ಎಲ್ಲರಿಗೂ ಹೇಳಿದ್ದನ್ನೇ ಹೇಳಿದೆ, ಕೂತು ಆರಿಸು. ಅವಳ ಮುಖ ಕಪ್ಪಿಟ್ಟಿತು.

"ಆಸ್ಪತ್ರೆಲಿ ಗಂಡನ ಹೆಸರು ಹೇಳೋಕೆ ನಾನು ಬೇಕಾಗಿದ್ದೆ," ಎಂದಳು. "ಈಗ ನನ್ನ ಮುಂದೇನೇ ಮೇಸ್ತ್ರಿಕೆ ತೋರಿಸ್ತೀಯಾ?"

ಅದು ನನಗೆ ಚುಚ್ಚಿದ್ದು ಎಲ್ಲಿಗೆಂದು ಅವಳಿಗೆ ಗೊತ್ತಿತ್ತು. ನಾನು ಬೆತ್ತ ಗಟ್ಟಿಯಾಗಿ ಹಿಡಿದು ನಿಂತೇ ಇದ್ದೆ. ಅವಳು ಎಲ್ಲರೂ ಹೋಗುವವರೆಗೆ ಕೂತು ಆರಿಸಿ, ಕುಕ್ಕೆ ಕೊಡವಿ ಎದ್ದು ಹೋದಳು. ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಮಸ್ಟರಿನಲ್ಲಿ ಅವಳ ಹೆಸರೇ ನಾನು ಕೂಗುವ ಮೊದಲನೆಯದು. ಇವರ ಹೆಸರಿಗೆ ಗೆರೆ ಎಳೆದ ಮೇಲೆ ಪುಟದಲ್ಲಿ ಅವಳೇ ಮೊದಲು. 'ಹಾಜರ್' ಎಂದು ಬೇರೆಲ್ಲೋ ನೋಡುತ್ತಾ ಹೇಳುವಳು. ಮನಸ್ಸಿಗೆ ಬಹಳ ನೋವಾಗುತ್ತಿತ್ತು. ಆದರೆ ಅವಳಿಗೆ ಬಿಟ್ಟಿದ್ದರೆ ಉಳಿದವರಿಗೆ ಯಾವ ಬಾಯಿಯಿಂದ ಹೇಳಲಿ? ವಾರ ಕಳೆಯುವುದರೊಳಗೆ ಚಾಪೆಯ ಮೇಲೆ ಹಸಿರು ಕಡಿಮೆಯಾಯಿತು. ಅವಳ ಕುಕ್ಕೆಯಲ್ಲಿ ಎಲ್ಲರದಕ್ಕಿಂತ ಮೊದಲು ಕಡಿಮೆಯಾಯಿತು. ಹುತ್ತರಿಯ ಹೊತ್ತಿಗೆ ಆರಿಸಲು ಏನೂ ಇರುತ್ತಿರಲಿಲ್ಲ.

ಹುತ್ತರಿ ಕಳೆದ ಮೂರನೆಯ ದಿನ ವಿರಾಜಪೇಟೆ ಕಡೆಯ ಮೇಸ್ತ್ರಿ ಬಂದ. ನಡುವಯಸ್ಸಿನ ಮಲಯಾಳಿ. ಅಂಗಿಯ ಕಾಲರಿಗೆ ಕೊಡೆ ಸಿಕ್ಕಿಸಿ ಬೆನ್ನಿಗೆ ಇಳಿಬಿಟ್ಟಿದ್ದ. ಹಾಸಿಗೆ ಪೆಟ್ಟಿಗೆ ತಂದಿರಲಿಲ್ಲ, ನೋಡಿ ಹೋಗಲು ಬಂದವನು. ಆ ಕಾಲದ ಮೇಸ್ತ್ರಿಗಳಲ್ಲಿ ಒಂದು ಪದ್ಧತಿಯಿತ್ತು. ತೋಟ ಒಪ್ಪಿಕೊಳ್ಳುವ ಮುಂಚೆ, ಹಿಂದಿನವನು ಕೊಯ್ಲು ಮುಗಿಸಿದ ಸಾಲುಗಳಲ್ಲಿ ಹೊಸಬ ಒಬ್ಬನೇ ನಡೆದು ನೋಡಬೇಕು. ಮುರಿದ ರೆಂಬೆ, ಬಿಟ್ಟ ಹಣ್ಣು, ಕಂಡ ಹುಳುಕನ್ನೆಲ್ಲ ಧಣಿಗಳ ಎದುರು ಹೇಳಬೇಕು. ಹಿಂದಿನವರ ತಪ್ಪು ನಾಳೆ ತನ್ನ ತಲೆಗೆ ಬರಬಾರದಲ್ಲ. ಹಾಗೆ ಹೇಳಿದ್ದರಲ್ಲಿ ಎಷ್ಟೋ ಹಳೆಯ ಮೇಸ್ತ್ರಿಗಳ ಮಾನ ಹೋಗಿತ್ತು. ಅವನು ಬೆಳಿಗ್ಗೆ ತೋಟಕ್ಕೆ ಇಳಿದವನು ಮಧ್ಯಾಹ್ನದವರೆಗೂ ಹೊರಗೆ ಬರಲಿಲ್ಲ. ಅಷ್ಟು ಹೊತ್ತೂ ನಾನು ಜನರನ್ನು ಬಿಟ್ಟು ಕದಲಲಿಲ್ಲ.

ಮಧ್ಯಾಹ್ನ ಧಣಿಗಳು ಹೇಳಿಕಳಿಸಿದರು. ಜಗಲಿಯಲ್ಲಿ ಅವರು ಕುರ್ಚಿಯಲ್ಲಿ, ರೈಟರು ಪಕ್ಕದಲ್ಲಿ, ಅವನು ಮೆಟ್ಟಿಲ ಹತ್ತಿರ. ಹೇಳು, ಎಂತೆಲ್ಲ ಕಂಡಿತು ಎಂದು ಧಣಿಗಳು ಕೇಳಿದರು.

"ಹೇಳಲಿಕ್ಕೆ ಒಂದೂ ಸಿಗಲಿಲ್ಲ," ಎಂದ ಅವನು. ಅದರಲ್ಲಿ ಹೊಗಳಿಕೆಯೇನೂ ಇರಲಿಲ್ಲ, ಸ್ವಲ್ಪ ಬೇಸರವೇ ಇತ್ತು. ಇಲ್ಲಿ ಕೊಯ್ಲು ಮಾಡಿಸಿದ ಮೇಸ್ತ್ರಿ ಎಲ್ಲಿ ಎಂದು ಕೇಳಿದ. ಧಣಿಗಳು ಗಲ್ಲದಿಂದ ನನ್ನ ಕಡೆ ತೋರಿಸಿದರು. ಅವನು ನನ್ನನ್ನು ನೋಡಿದ, ಬೆತ್ತವನ್ನು ನೋಡಿದ, ಕೊಕ್ಕೆಯನ್ನು ಮತ್ತೊಮ್ಮೆ ನೋಡಿದ. ಆಮೇಲೆ ಧಣಿಗಳಿಗೆ, "ಮೇಸ್ತ್ರಿ ಇರುವ ತೋಟಕ್ಕೆ ನಾನು ಬರೋದಿಲ್ಲ" ಎಂದು ಹೇಳಿ, ಕೊಟ್ಟ ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ. ಇಷ್ಟು ವರ್ಷವಾದರೂ ಅವನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಧಣಿಗಳು ಮೀಸೆ ತೀಡಿಕೊಂಡರು. ಆಯಿತು, ಮನೆ ಬಿಡುವುದು ಬೇಡ, ನೀನೇ ನಡೆಸಿಕೊಂಡು ಹೋಗು ಎಂದರು. ಹೂಂ ಎಂದು ಕೈ ಮುಗಿದು ಬಂದುಬಿಡಬಹುದಿತ್ತು. ಬರಲಿಲ್ಲ. ಇನ್ನೂ ಒಂದು ಮಾತಿದೆ ಎಂದೆ. ನಮ್ಮ ಮನೆಯವರಿಗೆ ಕಣದಲ್ಲಿ ಕೆಲಸ ಕೊಡಿ. ಒಣಗಲು ಹಾಕಿದ ಬೇಳೆಯನ್ನು ಕೂತಲ್ಲಿಂದಲೇ ಕೈಯಾಡಿಸಬಹುದು, ಬೇಳೆ ಸರಿಯಾಗಿ ಒಣಗಿತೇ ಎಂದು ಅವರಷ್ಟು ಬಲ್ಲವರು ಯಾರೂ ಇಲ್ಲ. ಗೋಡೆ ನೋಡಿ ನೋಡಿ ಅವರು ಸಾಯುತ್ತಾರೆ ಎಂದೆ.

ಧಣಿಗಳು ಒಪ್ಪಿದರು. ರೈಟರಿಗೆ ಮಾತ್ರ ತಕರಾರು. ಪುಸ್ತಕ ಬಿಚ್ಚಿ, ಅಡ್ಡಗೆರೆ ಎಳೆದ ಮೊದಲನೆಯ ಹೆಸರಿನ ಮೇಲೆ ಬೆರಳಿಟ್ಟರು. ಪುಸ್ತಕಕ್ಕೆ ಬಂದವರು ಮಸ್ಟರಿಗೆ ಬರಬೇಕು, ಮಸ್ಟರಿಗೆ ಬಂದವರ ಹೆಸರನ್ನು ಮೇಸ್ತ್ರಿ ಕೂಗಬೇಕು, ಇವಳು ಕೂಗುತ್ತಾಳೋ ಎಂದು ಕೇಳಿದರು. ಆಸ್ಪತ್ರೆಯ ಸುದ್ದಿ ಇಡೀ ಲೈನಿಗೆ ಗೊತ್ತಿತ್ತು. ಧಣಿಗಳು ನನ್ನ ಕಡೆ ನೋಡಿದರು. ಅವರ ಕಣ್ಣಿನಲ್ಲಿ ತಮಾಷೆಯಿರಲಿಲ್ಲ.

"ಮಸ್ಟರಿನಲ್ಲಿ ಒಬ್ಬರಿಗೊಂದು ಕಾನೂನು ಮಾಡಲಿಕ್ಕೆ ಆಗುವುದಿಲ್ಲ," ಎಂದರು. "ಅವನ ಹೆಸರು ರೈಟರ್ ಕೂಗುವುದಾದರೆ, ಮೇಸ್ತ್ರಿ ರೈಟರೇ ಆದ ಹಾಗೆ ಆಯಿತು. ನೀನು ಎಂತ ಹೇಳ್ತೀ?"

"ಕೂಗ್ತೀನಿ ಧಣಿ. ಬೆಳಿಗ್ಗೆ ಬಂದು ಕೇಳಿ," ಎಂದೆ.

ಹೇಳಿ ಬಂದದ್ದೇನೋ ಸರಿ, ಇಳಿಜಾರಿನಲ್ಲಿ ಬರುವಾಗ ಲೆಕ್ಕ ಹಾಕತೊಡಗಿದೆ. ಅವರಿಗೆ ಕೆಲಸ ಬೇಕು ಎಂದು ಕೇಳಿದವಳು ನಾನೇ. ಆ ಕೆಲಸಕ್ಕೆ ಅವರ ಆಯಸ್ಸನ್ನೇ ಕೊಡಬೇಕಾದರೆ? ಮರದಿಂದ ಬಿದ್ದು ಬದುಕಿಕೊಂಡವರು. ಹೆಸರು ಕೂಗಿದ ವಾರಕ್ಕೆ ಅವರಿಗೆ ಜ್ವರ ಬಂದರೂ ಊರು ನನ್ನ ಬಾಯಿಯ ಕಡೆಗೇ ಬೆರಳು ತೋರಿಸುತ್ತದೆ. ಊರು ಬಿಡಿ, ನಾನೇ ತೋರಿಸಿಕೊಳ್ಳುತ್ತೇನೆ. ಮನೆಗೆ ಬಂದು ಮಂಚದ ಹತ್ತಿರ ಕೂತು ಎಲ್ಲವನ್ನೂ ಅವರಿಗೆ ಹೇಳಿದೆ. ನನಗೆ ಭಯವಾಗುತ್ತಿದೆ ಎಂದೂ ಹೇಳಿದೆ. ಮನೆ ಉಳಿಯಿತು ಎಂದಾಗ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಕಣದ ಕೆಲಸ ಎಂದಾಗ ಎದ್ದು ಕೂತರು.

"ನಲವತ್ತು ಜನರ ಹೆಸರು ಹೆಂಗೆ ಕೂಗ್ತೀಯೋ ಹಂಗೇ ಕೂಗು," ಎಂದರು. "ಮೆತ್ತಗೆ ಕೂಗಿದ್ರೆ ನಾನು ಓಗೊಡೋದಿಲ್ಲ, ನೋಡು."

ಆಮೇಲೆ ಊಟಕ್ಕೆ ಕೂತರು. ತಟ್ಟೆಯಲ್ಲಿ ಏನೂ ಉಳಿಯಲಿಲ್ಲ.

ಬೆಳಿಗ್ಗೆ ನಾನು ಕಂಬಿ ಬಡಿದಾಗ ಮಂಜು ಇನ್ನೂ ಬಿಟ್ಟಿರಲಿಲ್ಲ. ಎಂದಿಗಿಂತ ಬೇಗ ಜನ ಬಂದರು. ಯಾವತ್ತೂ ಮಸ್ಟರಿಗೆ ಏಳದ ಮುದುಕಿಯರೂ ಬಾಗಿಲಲ್ಲಿ ನಿಂತಿದ್ದರು. ಧಣಿಗಳು ಕೋಟು ಹಾಕಿಕೊಂಡು ಹಲಸಿನ ಮರದ ಆಚೆ ನಿಂತಿದ್ದರು. ರೈಟರು ಪುಸ್ತಕ ಬಿಚ್ಚಿದರು. ಅಡ್ಡಗೆರೆಯ ಹೆಸರಿನ ಪಕ್ಕದಲ್ಲೇ ಅದನ್ನು ಹೊಸದಾಗಿ ಬರೆದಿದ್ದರು. ಇವರು ಊರುಗೋಲು ಊರಿಕೊಂಡು ನಮ್ಮ ಜಗಲಿಯಿಂದ ಇಳಿದು, ಅಂಗಳ ದಾಟಿ, ಸಾಲಿನ ತುದಿಯಲ್ಲಿ ಹೋಗಿ ನಿಂತರು. ತಲೆಗೆ ಟವಲು ಸುತ್ತಿ, ಅಂಗಿಯ ಗುಂಡಿ ಪೂರ್ತಿ ಹಾಕಿಕೊಂಡಿದ್ದರು. ಅವರ ಪಕ್ಕದಲ್ಲಿ ನನ್ನ ಗೆಳತಿ.

ನಾನು ಬೆತ್ತವನ್ನು ನೆಲಕ್ಕೆ ಊರಿದೆ. ಅವ್ವನ ಮುಖ ಕಣ್ಣ ಮುಂದೆ ಬಂತು. ಬರಲಿ ಎಂದುಕೊಂಡೆ. ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಯಾರೋ ಕೆಮ್ಮಿದರು. ಇವರು ನನ್ನನ್ನೇ ನೋಡುತ್ತಿದ್ದರು, ಗಂಡ ಹೆಂಡತಿಯನ್ನು ನೋಡುವ ಹಾಗಲ್ಲ, ಹೊತ್ತಾಯಿತು ಎನ್ನುವ ಆಳಿನ ಹಾಗೆ. ನಾನು ಉಸಿರು ಎಳೆದು, ಕೆಳಗಿನ ಕಣದವರೆಗೂ ಕೇಳುವ ಹಾಗೆ ಅವರ ಹೆಸರು ಕೂಗಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕೂಗಿದ್ದು ಮಸ್ಟರಿಗೆ, ಓದುವವರಿಗಲ್ಲ. ಅದಾದ ಮೇಲೆ ಎಷ್ಟು ವರ್ಷ, ಎಷ್ಟು ಸಾವಿರ ಬೆಳಗು ಆ ಹೆಸರು ಕೂಗಿದೆನೋ ಲೆಕ್ಕವಿಲ್ಲ. ಕೂಗಿದ್ದಕ್ಕೆ ಆಯಸ್ಸು ಸವೆಯುವುದಾಗಿದ್ದರೆ ಅವರು ಒಂದು ತಿಂಗಳೂ ಬದುಕಬಾರದಿತ್ತು. ಅವರು ಮಗಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಮೇಲೆಯೇ ಕಣ್ಣು ಮುಚ್ಚಿದರು. ಆದರೆ ಆ ಬೆಳಿಗ್ಗೆ ಇದೊಂದೂ ನನಗೆ ಗೊತ್ತಿರಲಿಲ್ಲ.

"ಹಾಜರ್ ಮೇಸ್ತ್ರಿ," ಎಂದರು ಇವರು.

ರೈಟರು ಗೀಟು ಹಾಕಿದರು. ನಾನು ಎರಡನೆಯ ಹೆಸರು ಕೂಗಿದೆ. ನನ್ನ ಗೆಳತಿ ಎಷ್ಟೋ ದಿನದ ಮೇಲೆ ನನ್ನ ಮುಖವನ್ನು ನೇರವಾಗಿ ನೋಡಿದಳು.

"ಹಾಜರ್ ಮೇಸ್ತ್ರಿ," ಎಂದಳು. ನಾನು ಮೂರನೆಯ ಹೆಸರು ಕೂಗಿದೆ.